ಬಿಟ್ಟಂಗಾಲದಿಂದ ಬೆಂಗಳೂರಿಗೆ: ಮಹಾನಗರದ ಮೊದಲ ಭಾನುವಾರ

ಊರು ಬಿಟ್ಟು ಮಹಾನಗರ ಸೇರುವುದು ಕೊಡಗಿನ ಕಥೋಲಿಕ ಕುಟುಂಬಗಳಿಗೆ ಈಗ ಹೊಸ ಸಂಗತಿಯೇನಲ್ಲ. ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಹಾದಿಯಲ್ಲಿರುವ ನಮ್ಮ ಬಿಟ್ಟಂಗಾಲವನ್ನೇ ತೆಗೆದುಕೊಂಡರೂ, ಕಾಫಿ ತೋಟದ ಅಂಚಿನ ಮನೆಗಳಿಂದ ಹಿಡಿದು ಗದ್ದೆಬಯಲಿನ ಮನೆಗಳವರೆಗೆ, ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರಿಗೆ ಹೋದ ಮಕ್ಕಳ ಮಾತು ಬಾರದ ಮನೆ ವಿರಳ. ಹೋದವರ ಸಂಬಳ, ಬಾಡಿಗೆ, ಬಡ್ತಿಗಳ ವಿಚಾರ ಮನೆಗಳಲ್ಲಿ ಧಾರಾಳವಾಗಿ ಚರ್ಚೆಯಾಗುತ್ತದೆ. ಹೋದ ಮೊದಲ ಕೆಲವು ವಾರಗಳಲ್ಲಿ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ, ಅವರ ವಿಶ್ವಾಸದ ಬದುಕು ಯಾವ ಕಡೆಗೆ ತಿರುಗುತ್ತದೆ ಎಂಬ ವಿಚಾರ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಈ ವಾರ ಆ ಕುರಿತು ನಾಲ್ಕು ಮಾತುಗಳನ್ನು ಓದುಗರ ಮುಂದಿಡಲು ಬಯಸುತ್ತೇವೆ.

ಮೊದಲು ಅಂಕಿ ಅಂಶಗಳನ್ನು ನೋಡೋಣ. 2001ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,48,561 ಇತ್ತು. 2011ರಲ್ಲಿ ಅದು 5,54,519 ಆಯಿತು. ಇಡೀ ಜಿಲ್ಲೆಗೆ ಹತ್ತು ವರ್ಷಗಳಲ್ಲಿ ಸೇರಿದವರು ಆರು ಸಾವಿರಕ್ಕೂ ಕಡಿಮೆ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65,37,124ರಿಂದ 96,21,551ಕ್ಕೆ ಏರಿತು. ಹತ್ತೇ ವರ್ಷಗಳಲ್ಲಿ ಐದು ಕೊಡಗುಗಳಿಗೂ ಮಿಗಿಲಾದ ಜನಸ್ತೋಮ ಆ ಒಂದು ನಗರಕ್ಕೆ ಸೇರಿಕೊಂಡಿತು. ಆ ಹೆಚ್ಚಳದಲ್ಲಿ ಅಲ್ಲಿಯೇ ಹುಟ್ಟಿದವರೂ ಇದ್ದಾರೆ, ಹೊರಗಿನಿಂದ ಬಂದವರೂ ಇದ್ದಾರೆ. ಅಂಥ ಜನಸಾಗರದಲ್ಲಿ ನಮ್ಮ ಊರಿನ ಹುಡುಗನೊಬ್ಬ, ಹುಡುಗಿಯೊಬ್ಬಳು ಒಂದು ಚೀಲ ಹಿಡಿದು ಇಳಿಯುವ ಕ್ಷಣವನ್ನು ಕಲ್ಪಿಸಿಕೊಂಡರೆ, ನಮ್ಮ ಮುಂದಿನ ಮಾತಿನ ಅಗತ್ಯ ತಿಳಿದೀತು.

ಮೊದಲ ನೋಟ

ವಿರಾಜಪೇಟೆಯ ಕಡೆಯಿಂದ ಹೊರಡುವ ಬಸ್ಸು ಗೋಣಿಕೊಪ್ಪಲು, ಹುಣಸೂರು, ಮೈಸೂರುಗಳನ್ನು ದಾಟಿ ಸುಮಾರು ಇನ್ನೂರೈವತ್ತು ಕಿಲೋಮೀಟರ್ ಪ್ರಯಾಣದ ಬಳಿಕ ಬೆಂಗಳೂರನ್ನು ಮುಟ್ಟುತ್ತದೆ. ಕೆಂಗೇರಿ ಬರುವ ಮುನ್ನವೇ ಊರು ಆರಂಭವಾದಂತೆ ತೋರುತ್ತದೆ. ಆದರೆ ಎಷ್ಟು ಹೊತ್ತಾದರೂ ಅದು ಮುಗಿಯುವುದಿಲ್ಲ. ಒಂದು ಊರು ಎಲ್ಲಿ ಮೊದಲಾಗಿ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಬಿಟ್ಟಂಗಾಲದವರಿಗೆ ಸಂದೇಹವಿಲ್ಲದೆ ತಿಳಿದಿರುವ ವಿಷಯ. ನಗರದಲ್ಲಿ ಆ ಲೆಕ್ಕ ಮೊದಲ ದಿನವೇ ತಪ್ಪಿಹೋಗುತ್ತದೆ.

ಮೈಸೂರು ರಸ್ತೆಯ ಬಸ್ಸು ನಿಲ್ದಾಣದಲ್ಲಿ ಇಳಿದರೆ ಸನಿಹದಲ್ಲಿಯೇ ಮೆಟ್ರೋ ರೈಲಿನ ಮೇಲ್ಸೇತುವೆ ಕಾಣುತ್ತದೆ. ಈ ಭಾಗಕ್ಕೆ ಮೆಟ್ರೋ ಬಂದದ್ದು 2015ರಲ್ಲಿ. ಕೊಡಗಿನಲ್ಲಿ ರೈಲು ಮಾರ್ಗವೇ ಇಲ್ಲ. ಆದ್ದರಿಂದ ನಮ್ಮಲ್ಲಿ ಹಲವರು ಜೀವನದಲ್ಲಿ ಮೊದಲ ಬಾರಿ ಹತ್ತಿದ ರೈಲು ಈ ಮೆಟ್ರೋ. ತಾನಾಗಿಯೇ ತೆರೆದು ತಾನಾಗಿಯೇ ಮುಚ್ಚುವ ಬಾಗಿಲು, ನಿಲ್ದಾಣದ ಹೆಸರು ಹೇಳುವ ಧ್ವನಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೂ ಒಬ್ಬರ ಮುಖವನ್ನೊಬ್ಬರು ನೋಡದ ಜನ, ಇವೆಲ್ಲ ಹೊಸಬನನ್ನು ಬೆರಗುಗೊಳಿಸುತ್ತವೆ. ನಮ್ಮ ಕಡೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಹತ್ತು ನಿಮಿಷದೊಳಗೆ ಮಾತನಾಡಿಸದಿದ್ದರೆ ಅವರಿಗೆ ಮೈ ಸರಿಯಿಲ್ಲವೇನೋ ಎಂದು ಭಾವಿಸುತ್ತೇವೆ. ಇಲ್ಲಿ ಮಾತನಾಡಿಸಿದರೆ, ಇವರಿಗೆ ಏನು ಬೇಕಾಗಿದೆ ಎಂಬ ಸಂಶಯ ಎದುರಿನವರ ಕಣ್ಣಿನಲ್ಲಿ ಮೂಡುತ್ತದೆ.

ಮನೆ ಹುಡುಕುವ ಕೆಲಸ ಇನ್ನೊಂದು ಪಾಠ. ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಾರೆ. ಯಾವ ಜಾತಿ, ಮಾಂಸ ತಿನ್ನುವವರೋ ಎಂಬ ಪ್ರಶ್ನೆ ಬಾಗಿಲಲ್ಲಿಯೇ ಎದುರಾಗುತ್ತದೆ. ಹಬ್ಬಕ್ಕೆ ಪಂದಿಕರಿ ಮಾಡುವುದನ್ನು ಸಹಜವೆಂದು ತಿಳಿದು ಬೆಳೆದವರು ಇಂಥ ಬಾಗಿಲುಗಳ ಮುಂದೆ ತಬ್ಬಿಬ್ಬಾಗುತ್ತಾರೆ. ಅಂತೂ ಒಂದು ಕೋಣೆ ದೊರೆತರೆ, ರಾತ್ರಿ ನಿದ್ದೆ ಬಾರದು. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಮಲಗಿ ಅಭ್ಯಾಸವಾದ ಕಿವಿಗೆ ವಾಹನಗಳ ಸದ್ದು ಒಗ್ಗಲು ವಾರಗಳೇ ಬೇಕು. ಕತ್ತಲೆ ಎಂಬುದು ಎಲ್ಲಿ ಹೋಯಿತು ಎಂದು ಹುಡುಕುವ ಹಾಗಾಗುತ್ತದೆ.

ಇಷ್ಟರ ನಡುವೆಯೂ ಒಂದು ಪರಿಚಿತ ವಸ್ತು ನಮ್ಮನ್ನು ಹಿಂಬಾಲಿಸಿ ಬಂದಿರುತ್ತದೆ, ಅದು ನೀರು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಕಾವೇರಿಯನ್ನು ಬೆಂಗಳೂರಿಗೆ ಏರಿಸಿ ತರುವ ಯೋಜನೆಯ ಮೊದಲ ಹಂತ 1974ರಲ್ಲಿ ಕಾರ್ಯಾರಂಭ ಮಾಡಿತು. ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಲೋಕಾರ್ಪಣೆಯಾಯಿತು. ತಲಕಾವೇರಿಯಲ್ಲಿ ಹುಟ್ಟಿದ ನದಿಯ ನೀರನ್ನು ನಗರದ ನಲ್ಲಿಯಲ್ಲಿ ಹಿಡಿಯುವಾಗ, ನಮಗಿಂತ ಮೊದಲೇ ನಮ್ಮ ಸೀಮೆ ಇಲ್ಲಿಗೆ ವಲಸೆ ಬಂದಿದೆಯಲ್ಲಾ ಎಂಬ ಭಾವ ಮೂಡದೆ ಇರದು. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಕೊಟ್ಟು ನೀರು ಕೊಳ್ಳುವಾಗ ಆ ಭಾವಕ್ಕೆ ತುಸು ನೋವೂ ಬೆರೆಯುತ್ತದೆ.

"ಯಾರ ಮಗಳಮ್ಮಾ ನೀನು?"

ಗದ್ದಲ, ಗಾತ್ರ, ಖರ್ಚು ಇವುಗಳಿಗೆ ಮನುಷ್ಯ ಬೇಗ ಹೊಂದಿಕೊಳ್ಳುತ್ತಾನೆ. ಹೊಂದಿಕೊಳ್ಳಲು ಕಷ್ಟವಾದ ಸಂಗತಿ ಬೇರೆಯೇ ಇದೆ. ನಗರದಲ್ಲಿ ನಾವು ಯಾರೆಂಬುದು ಯಾರಿಗೂ ತಿಳಿದಿರುವುದಿಲ್ಲ. ಕೊಡಗಿನಲ್ಲಿ ಅಪರಿಚಿತರು ಎದುರಾದರೆ ಮೊದಲು ಕೇಳುವುದು "ಯಾರ ಮನೆಯವರು?" ಎಂದು. ಭಾನುವಾರ ಬಲಿಪೂಜೆ ಮುಗಿಸಿ ಹೊರಗೆ ಬಂದ ಹೆಣ್ಣುಮಗಳನ್ನು ಹಿರಿಯ ಅಜ್ಜಿಯೊಬ್ಬರು ತಡೆದು ನಿಲ್ಲಿಸಿ, "ಯಾರ ಮಗಳಮ್ಮಾ ನೀನು?" ಎಂದು ಕೇಳಿ, ತಂದೆಯ ಹೆಸರು ಹೇಳಿದೊಡನೆ ಮೂರು ತಲೆಮಾರಿನ ಕಥೆಯನ್ನು ಬಿಚ್ಚಿಡುವುದು ನಾವೆಲ್ಲ ಕಂಡ ದೃಶ್ಯ. ಬೆಂಗಳೂರಿನಲ್ಲಿ ಆ ಪ್ರಶ್ನೆಯ ಸ್ಥಾನದಲ್ಲಿ "ಯಾವ ಕಂಪನಿ?" ಎಂಬ ಪ್ರಶ್ನೆ ಇದೆ. ಮೊದಲನೆಯ ಪ್ರಶ್ನೆಗೆ ಉತ್ತರ ನಮ್ಮ ಜೀವಮಾನ ಪೂರ್ತಿ ಬದಲಾಗುವುದಿಲ್ಲ. ಎರಡನೆಯದರ ಉತ್ತರ ವರ್ಷಕ್ಕೊಮ್ಮೆ ಬದಲಾಗಬಹುದು, ಕೆಲವೊಮ್ಮೆ ಉತ್ತರವೇ ಇಲ್ಲದಂತಾಗಬಹುದು.

ಊರಿನಲ್ಲಿ ಎಲ್ಲರೂ ಎಲ್ಲವನ್ನೂ ತಿಳಿದಿರುವುದು ಹಲವು ಯುವಜನರಿಗೆ ಕಿರಿಕಿರಿ ಎನಿಸುವುದು ನಿಜ. ಯಾರೊಡನೆ ನಡೆದೆವು, ಯಾಕೆ ಕಳೆದ ಭಾನುವಾರ ಕಾಣಲಿಲ್ಲ ಎಂಬ ವಿಚಾರಣೆಗಳಿಂದ ಬಿಡುಗಡೆ ಪಡೆದು ನಗರದಲ್ಲಿ ಅವರು ಒಮ್ಮೆ ದೀರ್ಘವಾಗಿ ಉಸಿರಾಡುತ್ತಾರೆ. ಆ ಸ್ವಾತಂತ್ರ್ಯವನ್ನು ನಾವು ಹಳಿಯಲಾರೆವು. ಅದರಲ್ಲಿ ಎಷ್ಟೋ ಮಂದಿ, ವಿಶೇಷವಾಗಿ ಹೆಣ್ಣುಮಕ್ಕಳು, ತಮ್ಮ ಕಾಲಮೇಲೆ ನಿಲ್ಲುವುದನ್ನು ಕಲಿತಿದ್ದಾರೆ. ಆದರೆ ಜ್ವರ ಬಂದು ಮೂರು ದಿನ ಕೋಣೆಯಲ್ಲಿ ಮಲಗಿದಾಗ, ಕೆಲಸ ಹೋಗಿ ಅದನ್ನು ಮನೆಗೆ ತಿಳಿಸಲಾರದೆ ಕುಳಿತಾಗ, "ಯಾಕೆ ಕಾಣಲಿಲ್ಲ?" ಎಂದು ಕೇಳುವವರು ಒಬ್ಬರಾದರೂ ಇದ್ದಿದ್ದರೆ ಎಂದು ಅದೇ ಮನಸ್ಸು ಹಂಬಲಿಸುತ್ತದೆ.

ಮೊದಲ ಭಾನುವಾರ

ಹೀಗೆ ಹಂಬಲಿಸುವ ಮನಸ್ಸು ಸಹಜವಾಗಿಯೇ ದೇವಾಲಯದ ಕಡೆಗೆ ಮುಖ ಮಾಡುತ್ತದೆ. ಬೆಂಗಳೂರಿನಲ್ಲಿ ದೇವಾಲಯಗಳಿಗೆ ಕೊರತೆಯಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ, ವಿವೇಕನಗರದ ಬಾಲ ಯೇಸುವಿನ ಪುಣ್ಯಕ್ಷೇತ್ರ, ಸಂತ ಫ್ರಾನ್ಸಿಸ್ ಝೇವಿಯರರ ಪ್ರಧಾನಾಲಯ ಇವುಗಳ ಹೆಸರನ್ನು ಊರಿನಲ್ಲಿದ್ದಾಗಲೇ ಕೇಳಿರುತ್ತೇವೆ. ದೇವಾಲಯದ ಬಾಗಿಲಲ್ಲಿ ತೂಗುಹಾಕಿದ ಫಲಕದಲ್ಲಿ ಬಲಿಪೂಜೆಯ ವೇಳೆಗಳು ಭಾಷೆಗಳ ಪ್ರಕಾರ ಬರೆದಿರುತ್ತವೆ: ಒಂದು ಗಂಟೆಗೆ ತಮಿಳು, ಇನ್ನೊಂದಕ್ಕೆ ಇಂಗ್ಲಿಷ್, ಮತ್ತೊಂದಕ್ಕೆ ಕನ್ನಡ; ಕೆಲವೆಡೆ ಕೊಂಕಣಿ, ಮಲಯಾಳವೂ ಉಂಟು. ಮನೆಯಲ್ಲಿ ಕೊಂಕಣಿಯನ್ನೋ ಮಲಯಾಳವನ್ನೋ ತಮಿಳನ್ನೋ ಆಡಿ, ದೇವಾಲಯದಲ್ಲಿ ಎಲ್ಲರೂ ಕೂಡಿ ಕನ್ನಡದಲ್ಲಿ ಪ್ರಾರ್ಥಿಸಿ ಬೆಳೆದ ಕೊಡಗಿನವನಿಗೆ ಈ ಫಲಕ ಒಂದು ಪ್ರಶ್ನೆಯಾಗಿ ನಿಲ್ಲುತ್ತದೆ. ತಾನು ಯಾವ ಗಂಟೆಗೆ ಸೇರಿದವನು?

ಒಳಗೆ ಹೋದರೆ ಪೂಜೆ ಅದೇ, ಪರಮಪ್ರಸಾದ ಅದೇ. ಎದ್ದು ನಿಲ್ಲುವ, ಮೊಣಕಾಲೂರುವ ವೇಳೆಗಳೂ ಅವೇ. ಮಹಾನಗರದಲ್ಲಿ ಮೊದಲ ಬಾರಿಗೆ ಮುಂದೇನು ಎಂಬುದು ನಮಗೆ ಮೊದಲೇ ತಿಳಿದಿರುವ ಜಾಗ ಅದು. ಆ ಒಂದು ಗಂಟೆಯ ನೆಮ್ಮದಿಯನ್ನು ಅನುಭವಿಸಿದವರೇ ಬಲ್ಲರು. ಆದರೆ ಪೂಜೆ ಮುಗಿದೊಡನೆ ಒಂದು ಗುಂಪು ಹೊರಗೆ ಬರುತ್ತದೆ, ಮುಂದಿನ ಪೂಜೆಯ ಗುಂಪು ಒಳಗೆ ನುಗ್ಗುತ್ತದೆ. ವಾಹನ ನಿಲ್ಲಿಸಿದವರಿಗೆ ತೆಗೆಯುವ ಅವಸರ. ಐದು ನಿಮಿಷದಲ್ಲಿ ಅಂಗಳ ಬರಿದಾಗುತ್ತದೆ. ಹೊಸಬ ಯಾರೊಡನೆಯೂ ಮಾತಾಡದೆ ಕೋಣೆಗೆ ಮರಳುತ್ತಾನೆ. ಎರಡನೆಯ ಭಾನುವಾರವೂ ಹೀಗೆಯೇ ಆಗಿ, ಮೂರನೆಯ ಭಾನುವಾರ ರಾತ್ರಿಪಾಳಿಯ ದಣಿವು ಅಡ್ಡಬಂದು, ನಾಲ್ಕನೆಯ ಭಾನುವಾರ ನಿದ್ದೆಯಲ್ಲಿ ಕಳೆದರೆ, ಅವನು ಬಾರದಿದ್ದುದನ್ನು ಯಾರೂ ಗಮನಿಸಿರುವುದಿಲ್ಲ. ವಿಶ್ವಾಸವನ್ನು ಧಿಕ್ಕರಿಸಿ ದೂರವಾದವರು ನಾವು ಕಂಡಂತೆ ಬಹಳ ಕಡಿಮೆ; ಯಾರೂ ಗಮನಿಸದೆ ಇದ್ದುದರಿಂದ ಮೆಲ್ಲಗೆ ಜಾರಿಹೋದವರೇ ಹೆಚ್ಚು.

ನಮ್ಮ ಹಿರಿಯರೂ ಹೊಸಬರೇ

ಇಂಥ ಹೊಸಬರ ಬಗ್ಗೆ ನಾವು ಯೋಚಿಸಬೇಕಾದುದಕ್ಕೆ ನಮ್ಮ ಚರಿತ್ರೆಯಲ್ಲಿಯೇ ಕಾರಣವಿದೆ. ಬಿಟ್ಟಂಗಾಲದ ಕಡೆಯ ಕಥೋಲಿಕರಿಗೆ ಸಮೀಪದ ಪುರಾತನ ದೇವಾಲಯ ವಿರಾಜಪೇಟೆಯ ಸಂತ ಅನ್ನಮ್ಮನವರದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆ ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ರಾಜ ದೊಡ್ಡ ವೀರರಾಜೇಂದ್ರ ಆಶ್ರಯವಿತ್ತನು. ಬ್ರಿಟಿಷ್ ಸೇನಾಪತಿ ಅಬರ್‌ಕ್ರೋಂಬಿಯನ್ನು ತಾನು ಭೇಟಿಯಾದುದರ ನೆನಪಿಗಾಗಿ ಅದೇ ರಾಜನು 1792ರಲ್ಲಿ ಕಟ್ಟಿಸಿದ ವೀರರಾಜೇಂದ್ರಪೇಟೆಯೇ ಇಂದಿನ ವಿರಾಜಪೇಟೆ. ಅಲ್ಲಿನ ಕಥೋಲಿಕ ಸಮುದಾಯದ ದೇವಾಲಯದ ಚರಿತ್ರೆಯೂ ಅದೇ 1792ರಿಂದ ಆರಂಭವಾಗುತ್ತದೆ. ಊರೇ ಹೊಸತು, ಬಂದವರೂ ಹೊಸಬರು. ಇಂದು ನಾವು ಹುಟ್ಟೂರೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನೆಲದಲ್ಲಿ ಕೆಲವು ತಲೆಮಾರುಗಳ ಹಿಂದೆ ನಮ್ಮ ಹಿರಿಯರಲ್ಲಿ ಹಲವರು ಯಾರ ಮನೆಯವರೆಂದು ಯಾರಿಗೂ ತಿಳಿಯದ ಜನರಾಗಿದ್ದರು. ಅವರನ್ನು ಒಬ್ಬರು ವಿಚಾರಿಸಿ ಜಾಗ ಕೊಟ್ಟಿದ್ದರಿಂದಲೇ ಇಂದು ಅಲ್ಲಿ ಒಂದು ಧರ್ಮಕೇಂದ್ರವಿದೆ.

ಬೆಂಗಳೂರಿನ ಕಥೆಯೂ ಬೇರೆಯಲ್ಲ. ಶಿವಾಜಿನಗರದ ದೇವಾಲಯದ ಮೂಲವನ್ನು ತಮಿಳುನಾಡಿನ ಸೆಂಜಿಯ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತರೊಡನೆ ಗುರುತಿಸುತ್ತಾರೆ. ಗುಡಿಸಲಿನಂಥ ಪ್ರಾರ್ಥನಾಲಯವಾಗಿ ಆರಂಭವಾದದ್ದು, 1882ರ ಸೆಪ್ಟೆಂಬರ್ 8ರಂದು ಇಂದಿನ ಗೋಥಿಕ್ ಶೈಲಿಯ ಭವ್ಯ ಮಂದಿರವಾಗಿ ಅಭಿಷೇಕಗೊಂಡಿತು. ಪ್ರತಿ ವರ್ಷ ಸೆಪ್ಟೆಂಬರ್ 8ರ ಮಾತೆಯ ಜನ್ಮೋತ್ಸವದಂದು ಅಲ್ಲಿ ಸೇರುವ ಜನಜಂಗುಳಿಯಲ್ಲಿ ಕೊಡಗಿನವರೂ ಇರುತ್ತಾರೆ. ಅದೇ ದಿನ ಊರಿನ ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕುಟುಂಬದವರೆಲ್ಲ ಒಟ್ಟಾಗಿ ಹೊಸ ಅಕ್ಕಿಯನ್ನು ಸವಿಯುವ ದಿನ. ಕೇಸರಿ ಬಣ್ಣದ ಸೀರೆಯುಟ್ಟ ಭಕ್ತೆಯರ ಸಾಲಿನಲ್ಲಿ, ತೇರಿನ ಹಿಂದೆ ನಡೆಯುವಾಗ, ಮನೆಯ ಊಟದ ಮೇಜಿನಲ್ಲಿ ತನಗಾಗಿ ಎತ್ತಿಟ್ಟ ಒಂದು ತೆನೆಯನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಇಲ್ಲದಿಲ್ಲ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 1886ರಲ್ಲಿ ಸ್ಥಾಪಿತವಾದ ಮೈಸೂರು ಧರ್ಮಕ್ಷೇತ್ರದಲ್ಲಿ ಕೊಡಗಿನಂತೆ ಬೆಂಗಳೂರೂ ಸೇರಿತ್ತು. ಅದರ ಬಿಷಪರು ಬೆಂಗಳೂರಿನಲ್ಲಿಯೇ ವಾಸಿಸುತ್ತಿದ್ದರು. 1940ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರವಾಯಿತು, 1953ರಲ್ಲಿ ಮಹಾಧರ್ಮಕ್ಷೇತ್ರವಾಯಿತು. ಹೀಗೆ ನೋಡಿದರೆ ಬಿಟ್ಟಂಗಾಲದ ಮಗಳು ಬೆಂಗಳೂರಿಗೆ ಹೋದಾಗ ಅಪರಿಚಿತರ ಸಭೆಗೆ ಹೋದಳೆಂದು ಹೇಳಲಾಗದು. ಒಂದೇ ಮನೆಯ ಇನ್ನೊಂದು ಕೋಣೆಗೆ ಹೋದಳೆನ್ನಬಹುದು.

ನಮ್ಮ ಹೆಸರಿರುವ ಪುಸ್ತಕ

ಧರ್ಮಸಭೆಯ ಕಾನೂನು ಸಂಹಿತೆಯನ್ನು ಕಠಿಣ ನಿಯಮಗಳ ಗ್ರಂಥವೆಂದು ನಾವು ದೂರವಿಡುತ್ತೇವೆ. ವಲಸೆ ಹೋದವರ ವಿಷಯದಲ್ಲಿ ಅದು ತೋರುವ ಕಾಳಜಿಯನ್ನು ತಿಳಿದರೆ ಆಶ್ಚರ್ಯವಾದೀತು. 1983ರ ಸಂಹಿತೆಯ 102ನೆಯ ನಿಯಮದ ಪ್ರಕಾರ, ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಮೂರು ತಿಂಗಳಾದರೂ ಇರುವ ಉದ್ದೇಶದಿಂದ ಬಂದು ನೆಲೆಸಿದವನು, ಅಥವಾ ವಾಸ್ತವವಾಗಿ ಮೂರು ತಿಂಗಳು ಅಲ್ಲಿ ಇದ್ದವನು, ಅಲ್ಲಿನ ತಾತ್ಕಾಲಿಕ ನಿವಾಸಿಯಾಗುತ್ತಾನೆ. ಶಾಶ್ವತವಾಗಿ ಇರುವ ಉದ್ದೇಶದಿಂದ ಬಂದವನು, ಇಲ್ಲವೇ ಐದು ವರ್ಷ ಪೂರ್ತಿ ಇದ್ದವನು, ಖಾಯಂ ನಿವಾಸಿಯಾಗುತ್ತಾನೆ. 107ನೆಯ ನಿಯಮದ ಪ್ರಕಾರ ಈ ಎರಡೂ ಬಗೆಯ ನಿವಾಸಿಗಳಿಗೆ ಅಲ್ಲಿನ ಧರ್ಮಕೇಂದ್ರದ ಗುರುಗಳೇ ಸ್ವಂತ ಗುರುಗಳು. ಬಾಡಿಗೆ ಕೋಣೆಯಲ್ಲಿರುವ ಹುಡುಗನೂ ಸ್ವಂತ ಮನೆಯವರಷ್ಟೇ ಹಕ್ಕಿನಿಂದ ಆ ಧರ್ಮಕೇಂದ್ರದವನು. 529ನೆಯ ನಿಯಮವು ಧರ್ಮಕೇಂದ್ರದ ಗುರುಗಳಿಗೆ ತಮ್ಮ ಜನರನ್ನು ಅರಿತುಕೊಳ್ಳಲು ಶ್ರಮಿಸಬೇಕೆಂದು ಹೇಳುತ್ತಾ, ಬಡವರು, ರೋಗಿಗಳು, ಒಂಟಿಯಾದವರು, ತಾಯ್ನೆಲದಿಂದ ದೂರವಾದವರು ಇವರನ್ನು ವಿಶೇಷ ಆಸ್ಥೆಯಿಂದ ಕಾಣಬೇಕೆಂದು ಸೂಚಿಸುತ್ತದೆ.

ಇನ್ನು ಊರಿನ ಕಡೆ. ದೀಕ್ಷಾಸ್ನಾನ ಪಡೆದ ದೇವಾಲಯದ ಪುಸ್ತಕದಲ್ಲಿ ನಮ್ಮ ಹೆಸರು ದಾಖಲಾಗಿರುತ್ತದೆ. ಮುಂದೆ ಜಗತ್ತಿನ ಯಾವ ಮೂಲೆಯಲ್ಲಿ ದೃಢೀಕರಣ ಪಡೆದರೂ, ಮದುವೆಯಾದರೂ, ಆ ಸಂಗತಿಯನ್ನು ದೀಕ್ಷಾಸ್ನಾನದ ಅದೇ ಪುಸ್ತಕದಲ್ಲಿ, ಅದೇ ಹೆಸರಿನ ಪಕ್ಕದಲ್ಲಿ ಬರೆಯಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಮದುವೆಯಾದವಳ ವಿವರ ಅಂಚೆಯಲ್ಲಿ ವಿರಾಜಪೇಟೆಗೆ ಬಂದು ಆ ಹಳೆಯ ಪುಟದಲ್ಲಿ ಸೇರಿಕೊಳ್ಳುತ್ತದೆ. "ಯಾರ ಮಗಳಮ್ಮಾ ನೀನು?" ಎಂದು ಕೇಳುವ ಅಜ್ಜಿ ಇಲ್ಲದ ಕಾಲದಲ್ಲಿಯೂ ಆ ಪುಸ್ತಕ ಅವಳನ್ನು ಗುರುತಿಸುತ್ತದೆ.

ಆದರೆ ಪುಸ್ತಕ ತಾನಾಗಿ ಎದ್ದು ಯಾರನ್ನೂ ಮಾತನಾಡಿಸುವುದಿಲ್ಲ. ಮದುವೆ ನಿಶ್ಚಯವಾದಾಗ ದೀಕ್ಷಾಸ್ನಾನದ ಪ್ರಮಾಣಪತ್ರ, ಅಡ್ಡಿಯಿಲ್ಲವೆಂಬ ಪತ್ರ, ಪ್ರಕಟಣೆ ಇವುಗಳಿಗಾಗಿ ಎರಡೂ ಊರುಗಳ ನಡುವೆ ಓಡಾಡಿ ಬೇಸತ್ತವರನ್ನು ಕೇಳಿದರೆ, ನಗರದ ಧರ್ಮಕೇಂದ್ರದಲ್ಲಿ ಅವರ ಹೆಸರೇ ಇಲ್ಲದ ವಿಷಯ ಹೊರಬೀಳುತ್ತದೆ. ಐದಾರು ವರ್ಷ ಅಲ್ಲಿಯೇ ವಾಸವಿದ್ದರೂ ಅಲ್ಲಿನ ಗುರುಗಳಿಗೆ ಅವರು ಅಪರಿಚಿತರು. ಮದುವೆಯ ಓಡಾಟವಾದರೂ ಸಂತೋಷದ ಓಡಾಟ. 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ, ಊರಿಗೆ ಮರಳಲಾರದೆ ನಗರದ ಕೋಣೆಗಳಲ್ಲಿ ಉಳಿದವರ ಪಾಡನ್ನು ಮರೆಯುವಂತಿಲ್ಲ. ಹೆಸರು ಮತ್ತು ದೂರವಾಣಿ ಸಂಖ್ಯೆ ಯಾರ ಬಳಿಯಾದರೂ ಇದ್ದವರನ್ನು ವಿಚಾರಿಸಲು ಸಾಧ್ಯವಿತ್ತು; ಎಲ್ಲಿಯೂ ಹೆಸರಿಲ್ಲದವರನ್ನು ಹುಡುಕುವುದಾದರೂ ಹೇಗೆ?

ಎರಡೂ ಕಡೆಯವರ ಹೊಣೆ

ಆದ್ದರಿಂದ ಊರಿನವರಿಗೂ ನಗರದವರಿಗೂ ನಮ್ಮ ವಿನಂತಿ ಸರಳವಾದುದು. ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸುವ ಮುನ್ನ ತಂದೆತಾಯಿಗಳು ಕಾಫಿಪುಡಿ, ಉಪ್ಪಿನಕಾಯಿಗಳ ಜೊತೆಗೆ ಊರಿನ ಗುರುಗಳಿಂದ ಒಂದು ಪರಿಚಯಪತ್ರವನ್ನೂ ಚೀಲದಲ್ಲಿಡಲಿ. ನಗರ ಸೇರಿದವರು ಮೊದಲ ಭಾನುವಾರವೇ ಆ ಪತ್ರವನ್ನು ಅಲ್ಲಿನ ಗುರುಗಳ ಕೈಗೆ ಕೊಟ್ಟು, ಹೆಸರು ಬರೆಸಿ, ತಮ್ಮ ಬೀದಿಯ ಕಿರು ಕ್ರೈಸ್ತ ಸಮುದಾಯ ಯಾವುದೆಂದು ಕೇಳಿಕೊಳ್ಳಲಿ. ಭಾಷೆ ಬೇರೆಯಾದರೆ ಸಂಕೋಚ ಬೇಡ. ನಮ್ಮಲ್ಲಿ ಹೆಚ್ಚಿನವರು ಎರಡು ಮೂರು ಭಾಷೆಗಳ ನಡುವೆಯೇ ಬೆಳೆದವರು. ಹಾಡುವವರು ಗಾನವೃಂದವನ್ನು ಸೇರಬಹುದು, ಮಕ್ಕಳಿಗೆ ಧರ್ಮೋಪದೇಶ ಕಲಿಸಬಲ್ಲವರು ಕಲಿಸಬಹುದು, ಏನೂ ಬಾರದವರು ಕುರ್ಚಿಗಳನ್ನು ಜೋಡಿಸಬಹುದು. ಒಂದು ಕೆಲಸ ಕೈಗೆ ಬಂದ ದಿನದಿಂದ, ನಾವು ಬಾರದಿದ್ದರೆ ಗಮನಿಸುವವರು ಹುಟ್ಟಿಕೊಳ್ಳುತ್ತಾರೆ.

ನಗರದ ಧರ್ಮಕೇಂದ್ರಗಳಲ್ಲಿ ಹಳಬರಾಗಿರುವವರಲ್ಲಿ ನಾವು ಕೇಳಿಕೊಳ್ಳುವುದು ಪೂಜೆಯ ಬಳಿಕದ ಹತ್ತು ನಿಮಿಷಗಳನ್ನು. ಒಂಟಿಯಾಗಿ ನಿಂತಿರುವ ಹೊಸ ಮುಖವನ್ನು ಕಂಡರೆ ಹತ್ತಿರ ಹೋಗಿ ಹೆಸರು ಕೇಳಿರಿ, ಯಾವ ಊರೆಂದು ಕೇಳಿರಿ, ಊಟವಾಯಿತೇ ಎಂದು ಕೇಳಿರಿ. ಕೊಡಗಿನಿಂದ ಹಿಂದೆಯೇ ಬಂದು ನೆಲೆ ಕಂಡುಕೊಂಡವರ ಹೊಣೆ ಇನ್ನೂ ಹೆಚ್ಚಿನದು. ತಮಗೆ ಮೊದಲ ವರ್ಷ ಯಾರೂ ಇರಲಿಲ್ಲವೆಂಬ ನೋವು ಅವರಲ್ಲಿ ಇದ್ದರೆ, ಈ ವರ್ಷ ಬಂದವರಿಗೆ ತಾವು ಇರುವುದರಿಂದಲೇ ಅದು ಸಾರ್ಥಕವಾದೀತು. ವಲಸಿಗರಿಗಾಗಿ ಪ್ರಾರ್ಥಿಸುವ ವಿಶ್ವ ದಿನವನ್ನು ಧರ್ಮಸಭೆ 2019ರಿಂದ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ಆಚರಿಸುತ್ತಿದೆ. ದೂರದೇಶಗಳ ನಿರಾಶ್ರಿತರಿಗಾಗಿ ಪ್ರಾರ್ಥಿಸುವ ಅಂದು, ಅದೇ ಪೀಠದಲ್ಲಿ ಕುಳಿತಿರುವ ಬಿಟ್ಟಂಗಾಲದವನನ್ನೂ ಒಮ್ಮೆ ಕಣ್ಣೆತ್ತಿ ನೋಡಿದರೆ ಪ್ರಾರ್ಥನೆ ಪೂರ್ಣವಾಗುತ್ತದೆ.

ಬಾಬಿಲೋನಿಗೆ ಸೆರೆಹೋದ ತನ್ನ ಜನರಿಗೆ ಪ್ರವಾದಿ ಯೆರೆಮೀಯ ಜೆರುಸಲೇಮಿನಿಂದ ಒಂದು ಪತ್ರ ಬರೆದನೆಂಬುದನ್ನು ನಾವು ಬಲ್ಲೆವು. ಬೇಗ ಹಿಂದಿರುಗುವ ಕನಸಿನಲ್ಲಿ ದಿನ ದೂಡಬೇಡಿ, ಆ ಪರನಗರದಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ನಗರದ ಕ್ಷೇಮಕ್ಕಾಗಿ ದೇವರಲ್ಲಿ ಬೇಡಿಕೊಳ್ಳಿ ಎಂಬುದು ಅದರ ತಾತ್ಪರ್ಯ. ತಮ್ಮನ್ನು ಗುರುತಿಸದ ನಗರಕ್ಕಾಗಿ ಪ್ರಾರ್ಥಿಸಿರೆಂದು ಅವರಿಗೆ ಹೇಳಲು ಪ್ರವಾದಿಗೆ ಸಾಧ್ಯವಾದದ್ದು, ಊರಿನಿಂದ ಅವರಿಗೆ ಪತ್ರ ಬರೆಯುವವರು ಇನ್ನೂ ಇದ್ದುದರಿಂದ. ಇಂದು ಪತ್ರದ ಕಾಲ ಕಳೆದಿದೆ. ಪ್ರತಿಯೊಬ್ಬರ ಕೈಯಲ್ಲಿಯೂ ದೂರವಾಣಿ ಇದೆ. ಈ ಭಾನುವಾರ ಸಂಜೆ, ಬೆಂಗಳೂರಿನಲ್ಲಿರುವ ನಿಮ್ಮ ಮಗನಿಗೋ ಮಗಳಿಗೋ ಕರೆ ಮಾಡಿದಾಗ ಸಂಬಳದ ಮಾತಿಗೆ ಮೊದಲು ಒಂದು ಪ್ರಶ್ನೆ ಕೇಳಿರಿ: ಅಲ್ಲಿನ ಗುರುಗಳಿಗೆ ನಿನ್ನ ಹೆಸರು ತಿಳಿದಿದೆಯೇ?